ನಾಪೋಕ್ಲು–ಪೊನ್ನಂಪೇಟೆ ಸುತ್ತಿನ ಭತ್ತದ ರೋಗಗಳು: ಯಾವ ಶಿಲೀಂಧ್ರವೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಕಾವೇರಿಬಯಲು:

ಎಲ್ಲರಿಗೂ ನಮಸ್ಕಾರ. ಸಸ್ಯರೋಗಶಾಸ್ತ್ರದ ಸ್ನಾತಕೋತ್ತರ ಅಧ್ಯಯನಕ್ಕಾಗಿ ಈ ಮುಂಗಾರಿನಲ್ಲಿ ಕೊಡಗಿನ ನಾಪೋಕ್ಲು, ಕಕ್ಕಬ್ಬೆ ಮತ್ತು ಪೊನ್ನಂಪೇಟೆ ಸುತ್ತಿನ ಗದ್ದೆಗಳಿಂದ ರೋಗ ತಗುಲಿದ ಭತ್ತದ ಎಲೆ ಹಾಗೂ ಎಲೆಕವಚಗಳನ್ನು (ಕಾಂಡವನ್ನು ಸುತ್ತಿರುವ ಎಲೆಯ ಬುಡಭಾಗ) ಸಂಗ್ರಹಿಸುತ್ತಿದ್ದೇನೆ. ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ ಚುಕ್ಕೆಗಳು ಹೆಚ್ಚಾಗಿವೆ. ಕೆಲವು ಎಲೆಗಳಲ್ಲಿ ಎರಡೂ ತುದಿ ಚೂಪಾದ, ನಡುವೆ ಬೂದು ಬಣ್ಣದ ಉದ್ದನೆಯ ಚುಕ್ಕೆಗಳಿದ್ದರೆ, ಇನ್ನು ಕೆಲವು ಎಲೆಗಳಲ್ಲಿ ಎಳ್ಳುಕಾಳಿನ ಗಾತ್ರದ ಕಂದು ಚುಕ್ಕೆಗಳು ಎಲೆಯ ತುಂಬ ಹರಡಿವೆ. ಗದ್ದೆಯವರನ್ನು ಕೇಳಿದರೆ ಎರಡನ್ನೂ ಬೆಂಕಿ ರೋಗವೆಂದೇ ಹೇಳುತ್ತಾರೆ.

ಎಲೆಯ ತುಂಡುಗಳನ್ನು ಶೇ. 1ರ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಒಂದು ನಿಮಿಷ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು, ಆಲೂಗೆಡ್ಡೆ ಡೆಕ್ಸ್‌ಟ್ರೋಸ್ ಅಗರ್ ಎಂಬ ಬೆಳೆಸುವ ಮಾಧ್ಯಮದ ಮೇಲೆ ಇಟ್ಟಾಗ ಬಹುಪಾಲು ತಟ್ಟೆಗಳಲ್ಲಿ ಬೇಗ ಬೆಳೆಯುವ ಕಪ್ಪು ಶಿಲೀಂಧ್ರವೊಂದೇ ಬರುತ್ತಿದೆ. ಅದರ ಬೀಜಕಣಗಳು ನಾಲ್ಕು ಕೋಶಗಳವು, ಸ್ವಲ್ಪ ಬಾಗಿದವು, ಮೂರನೆಯ ಕೋಶ ಉಬ್ಬಿರುವಂಥವು. ಬೆಂಕಿ ರೋಗದ ಚುಕ್ಕೆಯೆಂದು ನಾನು ನಂಬಿ ತಂದ ಎಲೆಯಿಂದಲೂ ಇದೇ ಬಂದಿದೆ. ಇದನ್ನು ರೋಗಕಾರಕವೆಂದು ಪರಿಗಣಿಸಬಹುದೇ? ಪ್ರಭೇದದ ಮಟ್ಟದವರೆಗೆ ಗುರುತಿಸಿ, ಅದರ ಗುಣಲಕ್ಷಣಗಳನ್ನು ದಾಖಲಿಸುವ ಸರಿಯಾದ ಕ್ರಮ ಯಾವುದು?

ಹಳೆಯ ಸೂಕ್ಷ್ಮದರ್ಶಕ:

ನೀವು ವರ್ಣಿಸಿರುವ ಬೀಜಕಣ ಕರ್ವುಲೇರಿಯ ಎಂಬ ಶಿಲೀಂಧ್ರದ್ದು. ಅದು ಭತ್ತದ ಕಾಳಿನ ಮೇಲೂ ಒಣಗಿದ ಎಲೆಯ ಮೇಲೂ ಸದಾ ಇರುವಂಥದ್ದು, ಕೆಲವೊಮ್ಮೆ ತಾನೇ ಚುಕ್ಕೆ ಉಂಟುಮಾಡುವುದೂ ಉಂಟು. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಇನ್ನೊಂದು ಶಿಲೀಂಧ್ರ ಕೊಂದ ಅಂಗಾಂಶದ ಮೇಲೆ ಬಂದು ನೆಲೆಸಿದ್ದು. ಆಲ್ಟರ್ನೇರಿಯ ಮತ್ತು ನೈಗ್ರೋಸ್ಪೋರಾ ಎಂಬ ಶಿಲೀಂಧ್ರಗಳ ಮಾತೂ ಇದೇ. ತಟ್ಟೆಯಲ್ಲಿ ಮೊದಲು ಬೆಳೆದದ್ದೇ ರೋಗಕಾರಕವೆಂದು ತಿಳಿಯುವಂತಿಲ್ಲ. ಬೆಂಕಿ ರೋಗದ ಶಿಲೀಂಧ್ರ, ಅಂದರೆ ಮ್ಯಾಗ್ನಪೋರ್ತೆ ಒರೈಝೆ (ಪೈರಿಕ್ಯುಲೇರಿಯ ಒರೈಝೆ ಎಂಬುದೂ ಅದರದೇ ಹೆಸರು), ನಿಧಾನವಾಗಿ ಬೆಳೆಯುತ್ತದೆ. ಹಳೆಯ ಚುಕ್ಕೆಯ ತುಂಡನ್ನು ನೇರವಾಗಿ ಸಕ್ಕರೆ ಹೆಚ್ಚಿರುವ ಮಾಧ್ಯಮದ ಮೇಲಿಟ್ಟರೆ ಅದಕ್ಕೆ ತಲೆಯೆತ್ತಲು ಅವಕಾಶವೇ ಸಿಗುವುದಿಲ್ಲ.

ನನ್ನ ಸಲಹೆ ಹೀಗಿದೆ. ಅಂಚು ಇನ್ನೂ ಹಸಿರು ಬೂದು ಬಣ್ಣದ್ದಾಗಿರುವ ಎಳೆಯ ಚುಕ್ಕೆಗಳನ್ನು ಆಯ್ದುಕೊಳ್ಳಿ. ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕದೆ ಕಾಗದದ ಲಕೋಟೆಯಲ್ಲಿ ತನ್ನಿ, ಏಕೆಂದರೆ ನಮ್ಮ ಮಳೆಗಾಲದ ತೇವದಲ್ಲಿ ಪ್ಲಾಸ್ಟಿಕ್‌ನೊಳಗಿನ ಎಲೆ ಒಂದೇ ರಾತ್ರಿಯಲ್ಲಿ ಕೊಳೆಯಲು ತೊಡಗುತ್ತದೆ. ಚುಕ್ಕೆಯಿರುವ ತುಂಡನ್ನು ತೊಳೆದು, ಪೆಟ್ರಿ ತಟ್ಟೆಯಲ್ಲಿ ಒದ್ದೆ ಸೋಸುಕಾಗದದ ಮೇಲೆ ಗಾಜಿನ ಪಟ್ಟಿಯಿಟ್ಟು, ಅದರ ಮೇಲೆ ತುಂಡನ್ನಿಟ್ಟು ಮುಚ್ಚಿ, ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಬಿಡಿ. ಈ ಶಿಲೀಂಧ್ರ ರಾತ್ರಿಯಲ್ಲೇ ಹೆಚ್ಚಾಗಿ ಬೀಜಕಣಗಳನ್ನು ಹುಟ್ಟಿಸುತ್ತದೆ. ಬೆಳಿಗ್ಗೆ ಸ್ಟೀರಿಯೋ ಸೂಕ್ಷ್ಮದರ್ಶಕದ ಕೆಳಗೆ ಚುಕ್ಕೆಯ ಬೂದು ಭಾಗದಲ್ಲಿ ಸಣ್ಣ ಕಾಂಡಗಳೂ ಅವುಗಳ ತುದಿಯಲ್ಲಿ ಬಣ್ಣವಿಲ್ಲದ ಬೀಜಕಣಗಳ ಗೊಂಚಲೂ ಕಾಣುತ್ತವೆ. ತುಂಡನ್ನು ಬಿಸಿ ಮಾಡಿ ಆರಿಸಿದ ಸೂಜಿಯಿಂದ ಹಿಡಿದು, ನೀರು ಅಗರ್ ತಟ್ಟೆಯ ಮೇಲೆ ಮೆಲ್ಲನೆ ತಟ್ಟಿ, ಬಿದ್ದ ಬೀಜಕಣಗಳಲ್ಲಿ ಒಂಟಿಯಾಗಿ ಮೊಳೆತ ಒಂದನ್ನು ಅಗರ್ ಚೂರಿನ ಸಮೇತ ಎತ್ತಿ ಓಟ್ಸ್ ಅಗರ್‌ಗೆ ವರ್ಗಾಯಿಸಿ. ಒಂದೇ ಬೀಜಕಣದಿಂದ ಬೆಳೆದ ಕಲ್ಚರ್ (ತಟ್ಟೆಯಲ್ಲಿ ಬೆಳೆಸಿದ ಶುದ್ಧ ಶಿಲೀಂಧ್ರ) ಇಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಇನ್ನು ಬೀಜಕಣದ ರೂಪ. ಬೆಂಕಿ ರೋಗದ ಬೀಜಕಣ ಬುಡದಲ್ಲಿ ಅಗಲವಾಗಿ, ತುದಿಯಲ್ಲಿ ಕಿರಿದಾಗಿ, ಎರಡು ಅಡ್ಡಗೋಡೆಗಳಿಂದ ಮೂರು ಕೋಶಗಳಾಗಿ ಭಾಗವಾಗಿರುತ್ತದೆ. ಉದ್ದ ಸುಮಾರು 20ರಿಂದ 25 ಮೈಕ್ರೋಮೀಟರ್. ಕಂದು ಚುಕ್ಕೆ ರೋಗದ ಬೈಪೋಲಾರಿಸ್ ಒರೈಝೆಯ ಬೀಜಕಣ ಇದಕ್ಕಿಂತ ಹಲವು ಪಟ್ಟು ಉದ್ದ, ಕಂದು ಬಣ್ಣದ್ದು, ಬಾಗಿದ್ದು ಮತ್ತು ಅನೇಕ ಅಡ್ಡಗೋಡೆಗಳುಳ್ಳದ್ದು. ಒಮ್ಮೆ ನೋಡಿದವರು ಇವೆರಡನ್ನು ಅದಲುಬದಲು ಮಾಡಲಾರರು. ಎಲೆಯ ಮೇಲಿನ ಚುಕ್ಕೆ ಮಾತ್ರ ಮೋಸ ಮಾಡಬಲ್ಲದು. ರೋಗನಿರೋಧಕ ಗುಣವುಳ್ಳ ತಳಿಯಲ್ಲಿ ಬೆಂಕಿ ರೋಗವೂ ಗುಂಡುಸೂಜಿಯ ತಲೆಯಷ್ಟು ಕಂದು ಚುಕ್ಕೆಯಾಗಿ ನಿಂತುಬಿಡುತ್ತದೆ, ಅದು ನೋಡಲು ಕಂದು ಚುಕ್ಕೆ ರೋಗದ ಆರಂಭದಂತೆಯೇ ಇರುತ್ತದೆ.

ಕಕ್ಕಬ್ಬೆ ಕೃಷಿಕ:

ಚರ್ಚೆ ಚೆನ್ನಾಗಿದೆ. ಆದರೆ ಗದ್ದೆಯವನ ಪ್ರಶ್ನೆಯೊಂದಿದೆ. ಬೀಜಕಣಕ್ಕೆ ಎರಡು ಗೋಡೆಯಿದ್ದರೇನು, ಹತ್ತು ಗೋಡೆಯಿದ್ದರೇನು, ಕೊನೆಗೆ ನಾವು ಅಂಗಡಿಗೆ ಹೋಗಿ ಶಿಲೀಂಧ್ರನಾಶಕ ತರುವುದೇ ತಾನೆ? ಕಳೆದ ವರ್ಷ ನಮ್ಮ ಕೆಳಗಿನ ಗದ್ದೆಯಲ್ಲಿ ನೀರಿನ ಮಟ್ಟದಿಂದ ಮೇಲಕ್ಕೆ ಎಲೆಕವಚಗಳ ಮೇಲೆ ಹಾವಿನ ಪೊರೆಯಂಥ ಗುರುತುಗಳು ಬಂದವು. ಔಷಧಿ ಅಂಗಡಿಯವರು ಬೆಂಕಿ ರೋಗಕ್ಕೆಂದು ಟ್ರೈಸೈಕ್ಲಾಜೋಲ್ ಕೊಟ್ಟರು. ಸಿಂಪಡಿಸಿದ್ದೂ ಆಯಿತು, ರೋಗ ಮೇಲಿನ ಎಲೆಯವರೆಗೆ ಏರಿದ್ದೂ ಆಯಿತು.

ಇನ್ನೊಂದು ವಿಷಯ. ಕುಶಾಲನಗರದ ಕಡೆಯ ನಮ್ಮ ನೆಂಟರು ರಾಗಿ ಬೆಳೆಯುತ್ತಾರೆ, ಅದಕ್ಕೂ ಬೆಂಕಿ ರೋಗ ಬರುತ್ತದೆ. ರಾಗಿಯಿಂದ ಭತ್ತಕ್ಕೆ ಅದು ದಾಟುತ್ತದೆಯೇ?

ವಿಸ್ತರಣಾ ಮೇಜು:

ಕೃಷಿಕರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಕೆಳಗಿನ ಗದ್ದೆಯಲ್ಲಿಯೇ ಇದೆ. ನೀವು ವರ್ಣಿಸಿದ್ದು ಎಲೆಕವಚ ಅಂಗಮಾರಿಯ ಲಕ್ಷಣ, ಅದರ ಕಾರಕ ರೈಝೊಕ್ಟೋನಿಯ ಸೊಲಾನಿ ಎಂಬ ಶಿಲೀಂಧ್ರ. ಟ್ರೈಸೈಕ್ಲಾಜೋಲ್ ಅದರ ಮೇಲೆ ಏಕೆ ಕೆಲಸ ಮಾಡಲಿಲ್ಲ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಇದು ಅಂಗಡಿಯ ಡಬ್ಬಿಯ ಮೇಲೆ ಬರೆದಿರುವುದಿಲ್ಲ.

ಬೆಂಕಿ ರೋಗದ ಬೀಜಕಣ ಎಲೆಯ ಮೇಲೆ ಬಿದ್ದು ಮೊಳೆತು, ತುದಿಯಲ್ಲಿ ಅಪ್ರೆಸೋರಿಯಂ ಎಂಬ ಗುಮ್ಮಟದಾಕಾರದ ಕೋಶವನ್ನು ಕಟ್ಟುತ್ತದೆ. ಅದರ ಗೋಡೆಗೆ ಮೆಲನಿನ್ ಎಂಬ ಕಪ್ಪು ವರ್ಣಕದ ಪದರ ಬರುತ್ತದೆ. ಒಳಗೆ ಗ್ಲಿಸರಾಲ್ ಶೇಖರವಾಗಿ, ನೀರು ಒಳಸೇರಿ, ಸುಮಾರು 8 ಮೆಗಾಪಾಸ್ಕಲ್‌ನಷ್ಟು, ಎಂದರೆ ವಾತಾವರಣದ ಒತ್ತಡದ ಹೆಚ್ಚುಕಡಿಮೆ 80 ಪಟ್ಟು ಒತ್ತಡ ಏರ್ಪಡುತ್ತದೆ. ಆ ಒತ್ತಡದಿಂದಲೇ ಅದು ಎಲೆಯ ಹೊರಪದರವನ್ನು ಚುಚ್ಚಿ ಒಳಹೋಗುತ್ತದೆ. ಮೆಲನಿನ್ ಪದರವಿಲ್ಲದಿದ್ದರೆ ಗ್ಲಿಸರಾಲ್ ಸೋರಿಹೋಗಿ ಒತ್ತಡ ನಿಲ್ಲುವುದಿಲ್ಲ. ಟ್ರೈಸೈಕ್ಲಾಜೋಲ್ ಮಾಡುವುದು ಈ ಮೆಲನಿನ್ ತಯಾರಿಕೆಯನ್ನು ತಡೆಯುವ ಕೆಲಸವನ್ನು ಮಾತ್ರ. ರೈಝೊಕ್ಟೋನಿಯಾದ ದಾರಿಯೇ ಬೇರೆ. ಅದು ಎಳೆಗಳ ಮೆತ್ತೆ ಕಟ್ಟಿಕೊಂಡು, ಕಿಣ್ವಗಳನ್ನು ಸುರಿಸಿ ಅಂಗಾಂಶವನ್ನು ಕರಗಿಸುತ್ತದೆ. ಅದಕ್ಕೆ ವ್ಯಾಲಿಡಮೈಸಿನ್ ಅಥವಾ ಹೆಕ್ಸಾಕೊನಜೋಲ್‌ನಂಥ ಔಷಧಿಗಳು ಬೇಕು, ವ್ಯಾಲಿಡಮೈಸಿನ್ ಬೆಂಕಿ ರೋಗಕ್ಕೆ ಪ್ರಯೋಜನವಿಲ್ಲ.

ಎಲೆಯಂಚಿನಿಂದ ಹಳದಿ ಪಟ್ಟಿ ಇಳಿದುಬರುವ ದುಂಡಾಣು ಅಂಗಮಾರಿಯನ್ನೂ ಅನೇಕರು ಶಿಲೀಂಧ್ರದ ರೋಗವೆಂದೇ ತಿಳಿದು ಸಿಂಪಡಿಸುತ್ತಾರೆ. ಅದಕ್ಕೆ ಪ್ರಯೋಗಾಲಯ ಬೇಡ. ರೋಗದ ಅಂಚಿನಲ್ಲಿ ಎಲೆಯನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ನಿಲ್ಲಿಸಿದರೆ, ದುಂಡಾಣುವಾಗಿದ್ದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ನೀರಿಗೆ ಇಳಿಯುತ್ತದೆ. ತೆನೆ ಬಿಳಿಯಾದಾಗಲೂ ಹಾಗೆಯೇ. ಹಿಡಿದೆಳೆದರೆ ತೆನೆ ಸುಲಭವಾಗಿ ಕಿತ್ತು ಬಂದರೆ ಕಾಂಡಕೊರಕ, ಬಾರದೆ ಕುತ್ತಿಗೆಯಲ್ಲಿ ಕಂದು ಕಪ್ಪು ಕಟ್ಟಿದ್ದರೆ ಕುತ್ತಿಗೆ ಬೆಂಕಿ ರೋಗ.

ಕಕ್ಕಬ್ಬೆ ಕೃಷಿಕ:

ತೆನೆ ಎಳೆದು ನೋಡುವುದನ್ನು ನಮ್ಮ ಹಿರಿಯರೂ ಮಾಡುತ್ತಿದ್ದರು. ಮೆಲನಿನ್ ವಿಚಾರವನ್ನು ಈಗ ಕೇಳಿದೆ. ಹಾಗಾದರೆ ರೋಗ ಎಲೆಯೊಳಗೆ ಹೊಕ್ಕ ಮೇಲೆ ಟ್ರೈಸೈಕ್ಲಾಜೋಲ್ ಸಿಂಪಡಿಸಿ ಉಪಯೋಗವಿಲ್ಲವೇ?

ವಿಸ್ತರಣಾ ಮೇಜು:

ಈಗಾಗಲೇ ಆಗಿರುವ ಚುಕ್ಕೆಯನ್ನು ಅದು ಗುಣಪಡಿಸುವುದಿಲ್ಲ, ಆದರೆ ಹೊಸ ಎಲೆಗೆ, ಮುಖ್ಯವಾಗಿ ಹೊರಬರಲಿರುವ ತೆನೆಯ ಕುತ್ತಿಗೆಗೆ ರೋಗ ಹೊಗದಂತೆ ಕಾಯುತ್ತದೆ. ಆದ್ದರಿಂದ ತೆನೆ ಹೊರಬರುವ ಹೊತ್ತಿನ ಸಿಂಪರಣೆಗೆ ಅಷ್ಟು ಮಹತ್ವ.

ಜೀನು ಮತ್ತು ಜೆಲ್:

ರಾಗಿಯ ಪ್ರಶ್ನೆಗೆ ಉತ್ತರಿಸುತ್ತೇನೆ. ಭತ್ತ, ರಾಗಿ, ನವಣೆ, ಗೋಧಿಗಳ ಬೆಂಕಿ ರೋಗಕ್ಕೆ ಕಾರಣ ಒಂದೇ ಪ್ರಭೇದವಾದರೂ, ಅದರೊಳಗೆ ಒಂದೊಂದು ಆಸರೆ ಸಸ್ಯಕ್ಕೆ ಹೊಂದಿಕೊಂಡ ಪ್ರತ್ಯೇಕ ವಂಶಾವಳಿಗಳಿವೆ. ರಾಗಿಯ ಮೇಲಿನದು ಸಾಮಾನ್ಯವಾಗಿ ಭತ್ತವನ್ನು ಬಾಧಿಸುವುದಿಲ್ಲ. ಆದರೂ ಈ ಗಡಿ ಶಾಶ್ವತವೆಂದು ಹೇಳಲಾಗದು. 1985ರಲ್ಲಿ ಬ್ರೆಜಿಲ್‌ನಲ್ಲಿ ಗೋಧಿಗೆ ಹೊಸದಾಗಿ ಕಾಣಿಸಿಕೊಂಡ ಬೆಂಕಿ ರೋಗ 2016ರಲ್ಲಿ ಬಾಂಗ್ಲಾದೇಶಕ್ಕೆ ಬಂದದ್ದು ಇದೇ ಪ್ರಭೇದದ ಇನ್ನೊಂದು ವಂಶಾವಳಿಯಿಂದ. ಹಿಂದೆ ಇವೆಲ್ಲವನ್ನೂ ಮ್ಯಾಗ್ನಪೋರ್ತೆ ಗ್ರಿಸಿಯ ಎಂದು ಕರೆಯುತ್ತಿದ್ದರು. 2002ರಲ್ಲಿ ಹಲವು ಜೀನುಗಳ ಹೋಲಿಕೆಯ ಆಧಾರದ ಮೇಲೆ ಬೆಳೆಗಳ ಮೇಲಿನದನ್ನು ಒರೈಝೆ ಎಂದು ಬೇರ್ಪಡಿಸಲಾಯಿತು, ಗ್ರಿಸಿಯ ಎಂಬ ಹೆಸರು ಡಿಜಿಟೇರಿಯ ಹುಲ್ಲಿನ ಮೇಲಿನದಕ್ಕೆ ಉಳಿಯಿತು. ಆದ್ದರಿಂದ ಕಾವೇರಿಬಯಲು ಅವರು ಬದುವಿನ ಹುಲ್ಲಿನ ಎಲೆಯಿಂದಲೂ ಮಾದರಿ ತೆಗೆದರೆ, ಬೀಜಕಣದ ರೂಪ ಒಂದೇ ಆಗಿದ್ದರೂ ಹೆಸರು ಒಂದೇ ಎಂದು ಬರೆಯಬಾರದು.

ಡಿಎನ್‌ಎ ಪರೀಕ್ಷೆಗೆ ಹೆಚ್ಚಿನವರು ಐಟಿಎಸ್ ಎಂಬ ಡಿಎನ್‌ಎ ಭಾಗವನ್ನು, ಐಟಿಎಸ್ 1 ಮತ್ತು ಐಟಿಎಸ್ 4 ಪ್ರೈಮರ್‌ಗಳಿಂದ ಪಿಸಿಆರ್ ಮಾಡಿ ಅದರ ಪ್ರತಿಗಳನ್ನು ಹೆಚ್ಚಿಸುತ್ತಾರೆ. ಅದರಿಂದ ಕುಲ ತಿಳಿಯುತ್ತದೆ, ಎಷ್ಟೋ ಕಡೆ ಪ್ರಭೇದ ತಿಳಿಯುವುದಿಲ್ಲ. ಸಸಿಗಳು ಅಸಹಜವಾಗಿ ನೀಳವಾಗಿ, ಪೇಲವವಾಗಿ ಬೆಳೆಯುವ ಬಕಾನೆ ರೋಗದ ಫ್ಯುಸೇರಿಯಂ ಫ್ಯೂಜಿಕುರಾಯ್ ಅನ್ನು ಅದರ ಹತ್ತಿರದ ಸಂಬಂಧಿಗಳಿಂದ ಬೇರ್ಪಡಿಸಲು ಟಿಇಎಫ್-1 ಆಲ್ಫಾ ಜೀನಿನ ಅನುಕ್ರಮ ಬೇಕೇಬೇಕು. ಬೈಪೋಲಾರಿಸ್‌ಗೆ ಜಿಎಪಿಡಿಎಚ್ ಜೀನನ್ನೂ ಸೇರಿಸಿಕೊಳ್ಳಿ. ಅನುಕ್ರಮವನ್ನು ಸಾರ್ವಜನಿಕ ಭಂಡಾರದಲ್ಲಿ ಹೋಲಿಸುವಾಗ ಮೊದಲ ಸಾಲಿನ ಹೆಸರನ್ನು ಕಣ್ಣುಮುಚ್ಚಿ ಬರೆದುಕೊಳ್ಳಬೇಡಿ, ಅಲ್ಲಿ ತಪ್ಪು ಹೆಸರಿನಲ್ಲಿ ಸೇರಿರುವ ಅನುಕ್ರಮಗಳು ಸಾಕಷ್ಟಿವೆ. ಪ್ರಭೇದದ ಮಾದರಿ ಕಲ್ಚರ್‌ನಿಂದ ಬಂದ ಅನುಕ್ರಮದೊಂದಿಗೆ ಹೋಲಿಸಿ ವಂಶವೃಕ್ಷ ರಚಿಸಿ. (ಆ ಹೋಲಿಕೆಯ ತಂತ್ರಾಂಶದ ಹೆಸರೂ ಬ್ಲಾಸ್ಟ್, ಬೆಂಕಿ ರೋಗದ ಇಂಗ್ಲಿಷ್ ಹೆಸರೂ ಬ್ಲಾಸ್ಟ್. ಪ್ರಬಂಧ ಬರೆಯುವಾಗ ಎರಡನ್ನೂ ಒಂದೇ ವಾಕ್ಯದಲ್ಲಿ ತರದಿದ್ದರೆ ಓದುವವರಿಗೆ ಉಪಕಾರ.)

ಹಳೆಯ ಸೂಕ್ಷ್ಮದರ್ಶಕ:

ಜೀನು ಮತ್ತು ಜೆಲ್ ಅವರ ಮಾತು ಒಪ್ಪತಕ್ಕದ್ದೇ. ಆದರೂ ಒಂದು ಎಚ್ಚರಿಕೆ ಹೇಳದಿರಲಾರೆ. ಈಗಿನ ಪ್ರಬಂಧಗಳಲ್ಲಿ ಅನುಕ್ರಮ ಬಂದ ಕೂಡಲೇ ರೋಗಕಾರಕ ಸಿಕ್ಕಿತೆಂದು ತೀರ್ಮಾನಿಸುವುದನ್ನು ನೋಡುತ್ತಿದ್ದೇನೆ. ಅನುಕ್ರಮ ಹೇಳುವುದು ತಟ್ಟೆಯಲ್ಲಿ ಏನಿದೆ ಎಂಬುದನ್ನು, ಗದ್ದೆಯಲ್ಲಿ ರೋಗ ತಂದದ್ದು ಅದೇ ಎಂಬುದನ್ನಲ್ಲ. ಅದಕ್ಕೆ ಕಾಕ್ ನಿಯಮಗಳ ಪ್ರಕಾರ ಆರೋಗ್ಯವಂತ ಸಸಿಗೆ ಸೋಂಕು ತಗುಲಿಸಿ, ಅದೇ ಲಕ್ಷಣ ಬರಿಸಿ, ಅದೇ ಶಿಲೀಂಧ್ರವನ್ನು ಮರಳಿ ಬೇರ್ಪಡಿಸಿ ತೋರಿಸಬೇಕು. ಕರ್ವುಲೇರಿಯಾದ ಪ್ರಶ್ನೆಗೂ ತೀರ್ಪು ಸಿಗುವುದು ಅಲ್ಲಿಯೇ.

ಬೆಂಕಿ ರೋಗಕ್ಕೆ ಎಚ್‌ಆರ್ 12 ಅಥವಾ ಸಿಒ 39ರಂಥ ಸುಲಭವಾಗಿ ರೋಗಕ್ಕೆ ತುತ್ತಾಗುವ ತಳಿಯ ಸಸಿಗಳನ್ನು ಮೂರು ನಾಲ್ಕು ಎಲೆಯ ಹಂತದವರೆಗೆ ಕುಂಡದಲ್ಲಿ ಬೆಳೆಸಿ, ಪ್ರತಿ ಮಿಲಿಲೀಟರಿಗೆ ಸುಮಾರು ಒಂದು ಲಕ್ಷ ಬೀಜಕಣಗಳಿರುವ ದ್ರಾವಣಕ್ಕೆ ತುಸು ಟ್ವೀನ್ 20 (ದ್ರಾವಣ ಎಲೆಗೆ ಹರಡಿಕೊಳ್ಳಲು ನೆರವಾಗುವ ಪದಾರ್ಥ) ಸೇರಿಸಿ ಸಿಂಪಡಿಸಿ, ಮೊದಲ 24 ಗಂಟೆ ಕತ್ತಲೆಯಲ್ಲಿ ಪೂರ್ಣ ತೇವದಲ್ಲಿಡಿ. ಐದರಿಂದ ಏಳು ದಿನಗಳಲ್ಲಿ ಚುಕ್ಕೆಗಳು ಬರುತ್ತವೆ. ಅವುಗಳನ್ನು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ 0ಯಿಂದ 9ರವರೆಗಿನ ಅಳತೆಯಲ್ಲಿ ದಾಖಲಿಸಿ. ಬರೀ ನೀರು ಸಿಂಪಡಿಸಿದ ಸಸಿಗಳನ್ನು ಪಕ್ಕದಲ್ಲಿಡುವುದು ಕಡ್ಡಾಯ, ಏಕೆಂದರೆ ಕೊಡಗಿನ ಆಗಸ್ಟ್ ತಿಂಗಳ ಗಾಳಿಯಲ್ಲಿ ಈ ಬೀಜಕಣಗಳು ತಾವಾಗಿಯೇ ಹಾರಾಡುತ್ತಿರುತ್ತವೆ.

ಕಾವೇರಿಬಯಲು:

ಎಲ್ಲರಿಗೂ ಧನ್ಯವಾದಗಳು. ಎಳೆಯ ಚುಕ್ಕೆಗಳನ್ನು ಒದ್ದೆ ತಟ್ಟೆಯಲ್ಲಿಟ್ಟಾಗ ಮೂರು ಕೋಶಗಳ ಬೀಜಕಣಗಳು ಸಿಕ್ಕಿವೆ, ಒಂಟಿ ಬೀಜಕಣದ ಕಲ್ಚರ್‌ಗಳು ಓಟ್ಸ್ ಅಗರ್ ಮೇಲೆ ಬೂದು ಬಣ್ಣದಲ್ಲಿ ಬೆಳೆಯುತ್ತಿವೆ. ಇನ್ನೆರಡು ಪ್ರಶ್ನೆಗಳಿವೆ. ಎಲೆಕವಚದಿಂದ ಬಂದ ಒಂದು ಕಲ್ಚರ್ ಎಷ್ಟು ಕಾಯ್ದರೂ ಬೀಜಕಣವನ್ನೇ ಕೊಡುತ್ತಿಲ್ಲ, ಮೂರು ದಿನಗಳಲ್ಲಿ ತಟ್ಟೆಯನ್ನೆಲ್ಲ ಆವರಿಸಿ ಕಂದು ಗಂಟುಗಳನ್ನು ಮಾತ್ರ ಕಟ್ಟುತ್ತಿದೆ. ಹಾಗೆಯೇ ಬಿರುನಾಣಿ ಕಡೆಯ ಗದ್ದೆಯೊಂದರಲ್ಲಿ ಕೆಲವು ತೆನೆಗಳು ಕವಚದಿಂದ ಅರ್ಧವಷ್ಟೇ ಹೊರಬಂದು ನಿಂತಿವೆ, ಒಂದೆರಡು ತೆನೆಗಳು ಕಾಳು ಬಿಡಿಸಿಕೊಳ್ಳದೆ ಬೂದು ಬಣ್ಣದ ಕಡ್ಡಿಯಂತೆ ನೆಟ್ಟಗೆ ನಿಂತಿವೆ.

ಹಳೆಯ ಸೂಕ್ಷ್ಮದರ್ಶಕ:

ಬೀಜಕಣ ಕೊಡದಿರುವುದೇ ಅದರ ಗುರುತು. ರೈಝೊಕ್ಟೋನಿಯಾದಲ್ಲಿ ನೋಡಬೇಕಾದದ್ದು ಎಳೆಗಳ ಕವಲು. ಕವಲು ಹೆಚ್ಚುಕಡಿಮೆ ಲಂಬಕೋನದಲ್ಲಿ ಒಡೆಯುತ್ತದೆ, ಒಡೆಯುವಲ್ಲಿ ಎಳೆ ಕಿರಿದಾಗಿರುತ್ತದೆ, ಅದರ ಸಮೀಪದಲ್ಲಿಯೇ ಒಂದು ಅಡ್ಡಗೋಡೆ ಇರುತ್ತದೆ. ಕೋಶಕೇಂದ್ರಗಳಿಗೆ ಬಣ್ಣ ಹಾಕಿ ಎಣಿಸಿ. ಒಂದೊಂದು ಕೋಶದಲ್ಲಿ ಎರಡಕ್ಕಿಂತ ಹೆಚ್ಚು ಕೇಂದ್ರಗಳಿದ್ದರೆ ಸೊಲಾನಿಯ ಕಡೆಗೆ, ಎರಡೇ ಇದ್ದರೆ ಭತ್ತದ ಕವಚದ ಮೇಲೆಯೇ ಬರುವ ಬೇರೆ ರೈಝೊಕ್ಟೋನಿಯಾಗಳ ಕಡೆಗೆ ನೋಡಬೇಕಾಗುತ್ತದೆ. ಎಳೆಗಳು ಪರಸ್ಪರ ಬೆಸೆದುಕೊಳ್ಳುವ ಆಧಾರದ ಮೇಲೆ ಇವನ್ನು ಗುಂಪುಗಳಾಗಿ ವಿಂಗಡಿಸಿದ್ದಾರೆ, ಭತ್ತದ ಅಂಗಮಾರಿ ತರುವುದು ಎಜಿ 1-ಐಎ ಗುಂಪು.

ಅರ್ಧಕ್ಕೆ ನಿಂತ ತೆನೆ ಎಲೆಕವಚ ಕೊಳೆಯಿರಬೇಕು. ತುದಿಯೆಲೆಯ ಕವಚವನ್ನು ಬಿಡಿಸಿದರೆ ಒಳಗೆ ಬಿಳಿ ಪುಡಿ ಕಾಣುತ್ತದೆ. ಸಾರೊಕ್ಲೇಡಿಯಂ ಒರೈಝೆ ನಿಧಾನವಾಗಿ ಬೆಳೆಯುವ ಶಿಲೀಂಧ್ರ, ಬೀಜಕಣ ಒಂದೇ ಕೋಶದ ಸಣ್ಣ ಸಿಲಿಂಡರಿನಾಕಾರದ್ದು. ಕಡ್ಡಿಯಂತೆ ನಿಂತ ತೆನೆ ಊದುಬತ್ತಿ ರೋಗದ್ದು. ಮಲೆನಾಡಿನ ಗದ್ದೆಗಳಲ್ಲಿ ಇದು ಆಗಾಗ್ಗೆ ಅಲ್ಲಲ್ಲಿ ಕಾಣುತ್ತದೆ, ಕಾರಕ ಎಫೆಲಿಸ್ ಒರೈಝೆ. ಇದು ಎಲೆಯ ಮೇಲೆ ಹಾರಿಬಂದು ಚುಕ್ಕೆ ಮಾಡುವುದಲ್ಲ. ಬೀಜದೊಂದಿಗೆ ಬಂದು, ಗಿಡದೊಳಗೇ ಬೆಳೆದು, ತೆನೆ ಹೊರಬರುವ ಮೊದಲೇ ಕಾಳುಗಳನ್ನು ತನ್ನ ಎಳೆಗಳಿಂದ ಅಂಟಿಸಿಬಿಟ್ಟಿರುತ್ತದೆ. ಹೀಗಾಗಿ ತೆನೆ ಕಂಡ ಮೇಲೆ ಸಿಂಪರಣೆಗೆ ದುಡ್ಡು ಸುರಿಯುವುದು ವ್ಯರ್ಥ.

ಕಂದು ಚುಕ್ಕೆಯ ವಿಷಯದಲ್ಲಿ ಶಿಲೀಂಧ್ರದ ಜೊತೆಗೆ ಮಣ್ಣನ್ನೂ ಪರೀಕ್ಷಿಸಿ. ಪೊಟ್ಯಾಷ್ ಮತ್ತು ಸಿಲಿಕಾನ್ ಕಡಿಮೆಯಿರುವ, ಮಳೆಗೆ ಸಾರ ತೊಳೆದುಹೋದ ಗದ್ದೆಗಳಲ್ಲಿ ಈ ರೋಗ ಬಲಿಯುತ್ತದೆ. ಬೆಂಕಿ ರೋಗ ಇದಕ್ಕೆ ವಿರುದ್ಧ, ಸಾರಜನಕ ಹೆಚ್ಚಾಗಿ ಕಡುಹಸಿರಾದ ಪೈರಿನಲ್ಲಿ ಅದರ ಹಾವಳಿ ಜಾಸ್ತಿ. ಕಂದು ಚುಕ್ಕೆಯನ್ನು ಹಗುರವಾಗಿ ಕಾಣುವವರು 1942ರಲ್ಲಿ ಬಂಗಾಳದ ಭತ್ತಕ್ಕೆ ಅದು ಮಾಡಿದ ಹಾನಿಯನ್ನು ನೆನೆಯಬೇಕು. 1943ರ ಕ್ಷಾಮದಲ್ಲಿ ಅದರ ಪಾಲೆಷ್ಟು ಎಂಬ ಬಗ್ಗೆ ವಾದವಿದೆ, ಬೆಳೆ ಹಾಳಾದದ್ದರ ಬಗ್ಗೆ ಇಲ್ಲ.

ಕಕ್ಕಬ್ಬೆ ಕೃಷಿಕ:

ಊದುಬತ್ತಿ ರೋಗ ಬೀಜದಿಂದ ಬರುವುದಾದರೆ ಬೀಜಕ್ಕಿಡುವ ಭತ್ತವನ್ನು ಮುಂಚೆಯೇ ಪರೀಕ್ಷಿಸಬಹುದೇ? ನಾವು ಪುತ್ತರಿ ಸುಗ್ಗಿಹಬ್ಬದ ನಂತರ ಕೊಯ್ದ ನಮ್ಮದೇ ಭತ್ತವನ್ನು ಬೀಜಕ್ಕೆ ಇಡುತ್ತೇವೆ.

ವಿಸ್ತರಣಾ ಮೇಜು:

ಬೀಜದ ಮೇಲಿನ ಹಲವು ಶಿಲೀಂಧ್ರಗಳಿಗೆ ಒತ್ತುಕಾಗದದ ಪರೀಕ್ಷೆಯಿದೆ. 400 ಬೀಜಗಳನ್ನು ಒಂದು ತಟ್ಟೆಗೆ 25ರಂತೆ ಒದ್ದೆ ಕಾಗದದ ಮೇಲೆ ಹರಡಿ, 12 ಗಂಟೆ ಬೆಳಕು ಮತ್ತು 12 ಗಂಟೆ ಕತ್ತಲೆಯಲ್ಲಿ ಒಂದು ವಾರ ಇಟ್ಟು, ಪ್ರತಿ ಬೀಜವನ್ನೂ ಸ್ಟೀರಿಯೋ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬೈಪೋಲಾರಿಸ್, ಪೈರಿಕ್ಯುಲೇರಿಯ, ಫ್ಯುಸೇರಿಯಂ, ಕರ್ವುಲೇರಿಯ ಇವೆಲ್ಲ ಅಲ್ಲಿ ಗೋಚರವಾಗುತ್ತವೆ. ಊದುಬತ್ತಿ ರೋಗಕ್ಕೆ ಇದಕ್ಕಿಂತ ಸುಲಭದ ಕ್ರಮವೆಂದರೆ ರೋಗದ ತೆನೆ ಕಂಡ ಗದ್ದೆಯ ಭತ್ತವನ್ನು ಬೀಜಕ್ಕೆ ಇಡದಿರುವುದು. ಕೊಯ್ಲಿಗೆ ಮುಂಚೆ ಬದುವಿನ ಮೇಲೆ ನಡೆದು ನೋಡಿದರೂ ಸಾಕು, ಆ ತೆನೆ ದೂರದಿಂದಲೇ ಕಾಣುತ್ತದೆ.

ಜೀನು ಮತ್ತು ಜೆಲ್:

ಕಾವೇರಿಬಯಲು ಅವರ ಮೊದಲ ಪ್ರಶ್ನೆಯ ಉಳಿದ ಅರ್ಧ, ಗುಣಲಕ್ಷಣಗಳ ದಾಖಲೆ, ಇನ್ನೂ ಬಾಕಿಯಿದೆ. ಕಾಲೊನಿಯ ಬಣ್ಣ, ಬೆಳವಣಿಗೆಯ ವೇಗ, ಬೀಜಕಣದ ಅಳತೆ ಇವೆಲ್ಲ ಬೇಕು, ಆದರೆ ಬೆಂಕಿ ರೋಗದಲ್ಲಿ ನಿಜವಾದ ವೈವಿಧ್ಯ ಇರುವುದು ಯಾವ ತಳಿಯನ್ನು ಅದು ಸೋಲಿಸಬಲ್ಲದು ಎಂಬುದರಲ್ಲಿ. ಒಂದೊಂದು ನಿರೋಧಕ ಜೀನನ್ನು ಮಾತ್ರ ಹೊಂದಿರುವ ತಳಿಗಳ ಸರಣಿಯಿದೆ. ಪೈ-ಟಾ, ಪೈ 9, ಪೈ 54 ಮುಂತಾದ ಜೀನುಗಳುಳ್ಳ ಸಸಿಗಳಿಗೆ ನಿಮ್ಮ ಪ್ರತಿಯೊಂದು ಕಲ್ಚರನ್ನೂ ಸಿಂಪಡಿಸಿ, ಯಾವುದು ಬಿತ್ತು, ಯಾವುದು ನಿಂತಿತು ಎಂದು ಬರೆದರೆ ಆ ಗದ್ದೆಯ ಶಿಲೀಂಧ್ರದ ಸ್ವಭಾವ ತಿಳಿಯುತ್ತದೆ. ಪೊನ್ನಂಪೇಟೆಯ ಸಂಶೋಧನಾ ಕೇಂದ್ರ ಬೆಂಕಿ ರೋಗದ ಪರೀಕ್ಷೆಗೆ ಹೆಸರಾಗಿರುವುದು ಅಲ್ಲಿನ ತಂಪು ರಾತ್ರಿ ಮತ್ತು ಗಂಟೆಗಟ್ಟಲೆ ಆರದ ಇಬ್ಬನಿಯಿಂದಲೇ, ಆದ್ದರಿಂದ ಗದ್ದೆಯ ಮಟ್ಟದ ಹೋಲಿಕೆಯೂ ನಿಮಗೆ ಹತ್ತಿರದಲ್ಲಿಯೇ ಸಿಗುತ್ತದೆ. 2005ರಲ್ಲಿ ಈ ಶಿಲೀಂಧ್ರದ ಜೀನೋಮ್ ಪ್ರಕಟವಾದ ಮೇಲೆ ಶಿಲೀಂಧ್ರದ ಅವಿರುಲೆನ್ಸ್ ಜೀನುಗಳನ್ನು (ಭತ್ತದ ನಿರೋಧಕ ಜೀನು ಗುರುತು ಹಿಡಿಯುವುದು ಇವನ್ನೇ) ನೇರವಾಗಿ ಪಿಸಿಆರ್‌ನಲ್ಲಿ ನೋಡುವುದೂ ಸುಲಭವಾಗಿದೆ. ಎಂಎಟಿ 1-1, ಎಂಎಟಿ 1-2 ಎಂಬ ಎರಡು ಲಿಂಗ ಮಾದರಿಗಳಲ್ಲಿ ಯಾವುದೆಂದೂ ಪರೀಕ್ಷಿಸಿ.

ಒಂದು ಕಡೆ ಮಾತ್ರ ಜಾಗರೂಕರಾಗಿರಿ. ಔಷಧಿ ಬೆರೆಸಿದ ಅಗರ್ ಮೇಲೆ ಶಿಲೀಂಧ್ರ ಬೆಳೆಸಿ ಕಾಲೊನಿಯ ವ್ಯಾಸ ಅಳೆಯುವ ಪದ್ಧತಿಯನ್ನು ಎಲ್ಲ ಔಷಧಿಗಳಿಗೂ ಅನ್ವಯಿಸುತ್ತಾರೆ. ಟ್ರೈಸೈಕ್ಲಾಜೋಲ್‌ಗೆ ಅದು ಹೊಂದುವುದಿಲ್ಲ. ಮೇಲೆ ವಿಸ್ತರಣಾ ಮೇಜಿನವರು ಹೇಳಿದಂತೆ ಅದು ತಡೆಯುವುದು ಮೆಲನಿನ್ನನ್ನು, ಎಳೆಗಳ ಬೆಳವಣಿಗೆಯನ್ನಲ್ಲ. ಕಡಿಮೆ ಪ್ರಮಾಣದಲ್ಲಿ ಬೆರೆಸಿದ ತಟ್ಟೆಯಲ್ಲಿ ಕಾಲೊನಿ ಬಣ್ಣಗೆಟ್ಟು ಹಾಗೆಯೇ ಬೆಳೆಯುತ್ತದೆ. ವ್ಯಾಸ ಅಳೆದವರು ಔಷಧಿ ನಿಷ್ಪ್ರಯೋಜಕವೆಂದೋ ಶಿಲೀಂಧ್ರ ಅದಕ್ಕೆ ಒಗ್ಗಿಹೋಗಿದೆಯೆಂದೋ ಬರೆದುಬಿಡುತ್ತಾರೆ. ಆ ಪರೀಕ್ಷೆಯನ್ನು ಸಸಿಯ ಮೇಲೆಯೇ ಮಾಡಬೇಕು.

ಕಾವೇರಿಬಯಲು:

ಈ ಕೊನೆಯ ಅಂಶ ನನ್ನ ಯೋಜನೆಯನ್ನು ಬದಲಿಸಿತು, ತಟ್ಟೆಯ ಪರೀಕ್ಷೆಯನ್ನು ಹೆಕ್ಸಾಕೊನಜೋಲ್‌ಗೆ ಮಾತ್ರ ಇಟ್ಟುಕೊಳ್ಳುತ್ತೇನೆ. ಕಲ್ಚರ್‌ಗಳನ್ನು ಬಹುಕಾಲ ಕಾಪಾಡುವ ಬಗೆ ಹೇಗೆ? ಮತ್ತೆ ಮತ್ತೆ ವರ್ಗಾಯಿಸಿದಾಗ ಬೀಜಕಣ ಕೊಡುವುದು ಕಡಿಮೆಯಾಗುತ್ತದೆ ಎಂದು ಓದಿದ್ದೇನೆ.

ಹಳೆಯ ಸೂಕ್ಷ್ಮದರ್ಶಕ:

ನಿಜ, ರೋಗ ತರುವ ಶಕ್ತಿಯೂ ಕುಗ್ಗುತ್ತದೆ. ಓಟ್ಸ್ ಅಗರ್ ಮೇಲೆ ಶುದ್ಧೀಕರಿಸಿದ ಸೋಸುಕಾಗದದ ಚೂರುಗಳನ್ನು ಇಟ್ಟು, ಶಿಲೀಂಧ್ರ ಅವುಗಳನ್ನು ಆವರಿಸಿದ ಮೇಲೆ ಎತ್ತಿ, ಸಂಪೂರ್ಣ ಒಣಗಿಸಿ, ಸಣ್ಣ ಲಕೋಟೆಗಳಲ್ಲಿ ಮೈನಸ್ 20 ಡಿಗ್ರಿಯಲ್ಲಿಡಿ. ಬೇಕಾದಾಗ ಒಂದು ಚೂರನ್ನು ಹೊಸ ಅಗರ್ ಮೇಲಿಟ್ಟರೆ ಸಾಕು. ಲಕೋಟೆಯ ಮೇಲೆ ಊರು, ತಳಿ, ಗಿಡದ ಭಾಗ, ದಿನಾಂಕ ಇವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಶಾಯಿ ಹರಡುತ್ತದೆ. ಪ್ರಬಂಧದಲ್ಲಿ ಹೆಸರಿಸುವ ಮುಖ್ಯ ಕಲ್ಚರ್‌ಗಳನ್ನು ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹಕ್ಕೆ ಕಳುಹಿಸಿ ಸಂಖ್ಯೆ ಪಡೆಯಿರಿ. ಮುಂದೆ ಯಾರಾದರೂ ನಿಮ್ಮ ತೀರ್ಮಾನವನ್ನು ಪ್ರಶ್ನಿಸಿದರೆ ಅದೇ ಶಿಲೀಂಧ್ರವನ್ನು ತರಿಸಿಕೊಂಡು ನೋಡಬಹುದು.

ಎಲೆಯ ಮಾದರಿಗಳಿಗಷ್ಟೇ ನಿಲ್ಲಬೇಡಿ. ಅದೇ ಗದ್ದೆಗಳಿಂದ ಕುತ್ತಿಗೆ ರೋಗದ ತೆನೆಗಳನ್ನೂ ಪುತ್ತರಿ ಕೊಯ್ಲಿಗೆ ಮುಂಚೆಯೇ ತೆಗೆದಿಟ್ಟುಕೊಳ್ಳಿ.

ಕಕ್ಕಬ್ಬೆ ಕೃಷಿಕ:

ನಮ್ಮ ಮೇಲಿನ ಗದ್ದೆಯಲ್ಲಿ ಇಂಟಾನ್ ತಳಿಯ ಭತ್ತ ಇದೆ, ಕುತ್ತಿಗೆ ಕಪ್ಪಾದ ತೆನೆಗಳು ಈಗಾಗಲೇ ಕಾಣುತ್ತಿವೆ. ಕಾಗದದ ಲಕೋಟೆ ತೆಗೆದುಕೊಂಡು ಬನ್ನಿ. ಕೆಳಗಿನ ಗದ್ದೆಯ ಎಲೆಕವಚವನ್ನೂ ನೋಡಿ ಹೇಳಿದರೆ ಈ ಸಲ ಸರಿಯಾದ ಔಷಧಿ ತರುತ್ತೇನೆ.